ಷಡ್ಡಕನ ಹಿಂದಿನ ಆಕ್ಸೆಲ್

ಹೆಂಡತಿಯ ತಂಗಿಯ ಗಂಡ ಸ್ವಲ್ಪ ಕೈಲಾಗದವನಾಗಿದ್ದರೆ ಅವನಷ್ಟು ಒಳ್ಳೆಯ ನೆಂಟ ಇನ್ನೊಬ್ಬನಿಲ್ಲ. ಮನೆಗೆ ಬಂದಾಗ ಕೂರಿಸಿಕೊಂಡು ಬುದ್ಧಿ ಹೇಳಬಹುದು, ಹೊರಟಾಗ ಬೆನ್ನು ತಟ್ಟಬಹುದು, ಹೋದ ಮೇಲೆ ಹೆಂಡತಿಯ ಮುಂದೆ ನಿಟ್ಟುಸಿರು ಬಿಡಬಹುದು. ಆದರೆ ಅವನು ನಮ್ಮ ಕಸುಬಿಗೇ ಕೈಹಾಕಿ, ನಮಗಿಂತ ಚೆನ್ನಾಗಿ ಮಾಡಿ, ಸಾಲದೆಂದು ನಮ್ಮನ್ನು ಬಾಯಿತುಂಬ ಅಣ್ಣ ಎಂದೂ ಕರೆದರೆ, ಅಂಥ ಷಡ್ಡಕನನ್ನು ಸಹಿಸಿಕೊಳ್ಳುವುದು ಋಷಿಮುನಿಗಳಿಗೂ ಕಷ್ಟ. ಕೊಕ್ಕೆಯಣ್ಣ ಋಷಿಯಲ್ಲ. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿಯೊಂದರ ಮಾಲೀಕ.

ಆ ಲಾರಿಯ ಬೆನ್ನ ಮೇಲೆ ದೊಡ್ಡದೊಂದು ಕೊಕ್ಕೆ ತೂಗುತ್ತಿತ್ತು. ಯಾರು ಏನು ಹೇಳಿದರೂ ಅದಕ್ಕೊಂದು ಕೊಕ್ಕೆ ಹಾಕುವ ಅಭ್ಯಾಸವೂ ಅದರ ಮಾಲೀಕನಿಗಿತ್ತು. ಹೆಸರು ಬಂದದ್ದು ಎರಡರಲ್ಲಿ ಯಾವುದರಿಂದ ಎಂಬ ವಿಷಯದಲ್ಲಿ ಬೀದಿಯವರಿಗೆ ಇನ್ನೂ ಒಮ್ಮತವಿಲ್ಲ.

ಷಡ್ಡಕ ಮೊದಲು ಪೈಪು ಮಾರುತ್ತಿದ್ದ. ಪೈಪು ಮಾರುತ್ತಿದ್ದಷ್ಟು ಕಾಲವೂ ಕೊಕ್ಕೆಯಣ್ಣನಿಗೆ ಅವನ ಮೇಲೆ ಇನ್ನಿಲ್ಲದ ಪ್ರೀತಿ. ಮೂರು ವರ್ಷದ ಹಿಂದೆ ಅವನು ಪೈಪಿನ ಅಂಗಡಿ ಮುಚ್ಚಿ, ಗಾಡಿ ಎಳೆಯುವ ಹೊಸ ಲಾರಿಯೊಂದನ್ನು ತಂದು, ಪೂಸಿ ಹೊಡೆಯುವವನಂತೆ ಬಂದು ಕೊಕ್ಕೆಯಣ್ಣನ ಕಾಲಿಗೆ ನಮಸ್ಕಾರ ಮಾಡಿ, ನೀವೇ ನನಗೆ ಸ್ಫೂರ್ತಿ ಅಂದ. ಆ ಪ್ರೀತಿ ಅಂದೇ ಆವಿಯಾಯಿತು.

ಆಮೇಲೊಂದು ಮಧ್ಯಾಹ್ನ ಕೊಕ್ಕೆಯಣ್ಣ ಪುಟ್ಟ ಕಾರೊಂದನ್ನು ಕಟ್ಟಿಕೊಂಡು ಊರಾಚೆಯ ಗುಡ್ಡದ ರಸ್ತೆಯನ್ನು ಏದುಸಿರು ಬಿಡುತ್ತ ಹತ್ತುತ್ತಿದ್ದಾಗ ಹಿಂದಿನಿಂದ ಹಾರ್ನ್ ಕೇಳಿಸಿತು. ಷಡ್ಡಕ, ಇಟ್ಟಿಗೆ ತುಂಬಿದ ಲಾರಿಯೊಂದನ್ನು ಹಿಂದೆ ಕಟ್ಟಿಕೊಂಡು, ಆರಾಮಾಗಿ ಪಕ್ಕಕ್ಕೆ ಬಂದ. ಬಂದವನು ಸುಮ್ಮನೆ ದಾಟಿ ಹೋಗಬಹುದಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಣ್ಣ, ಊಟ ಆಯ್ತಾ?" ಅಂದ. ಕೊಕ್ಕೆಯಣ್ಣನ ಊಟ ಆಗಿತ್ತು. ಅದು ಆ ಕ್ಷಣದಿಂದ ಜೀರ್ಣವಾಗಲಿಲ್ಲ.

ಹೊಟ್ಟೆಕಿಚ್ಚು ಎಂಬುದನ್ನು ಕೊಕ್ಕೆಯಣ್ಣ ಒಪ್ಪುತ್ತಿರಲಿಲ್ಲ, ಗ್ಯಾಸ್ ಅನ್ನುತ್ತಿದ್ದ. ಆದರೆ ಅದು ಅಪ್ಪಟ ಹೊಟ್ಟೆಕಿಚ್ಚೇ. ಷಡ್ಡಕನ ಲಾರಿಯ ಬಣ್ಣ ಕಂಡರೆ ಉರಿ, ಹಾರ್ನ್ ಕೇಳಿದರೆ ಉರಿ, ಅವನಿಗೆ ನೆಗಡಿಯಾಗಿದೆ ಎಂದು ಯಾರಾದರೂ ಕನಿಕರಪಟ್ಟರೆ ಅದಕ್ಕೂ ಉರಿ. ಅಷ್ಟರಲ್ಲಿ ರಸ್ತೆ ಕಚೇರಿಯವರು ಪ್ರಕಟಣೆ ಹೊರಡಿಸಿದರು. ಗುಡ್ಡದ ರಸ್ತೆಯಲ್ಲಿ ಕೆಟ್ಟು ನಿಲ್ಲುವ ಗಾಡಿಗಳನ್ನು ಎಳೆಯಲು ಇನ್ನು ಮುಂದೆ ಕೊಡುವುದು ಒಂದೇ ಅನುಮತಿ, ಮೂರು ವರ್ಷಕ್ಕೆ, ಮುಂದಿನ ತಿಂಗಳು ಪರೀಕ್ಷೆ. ಆ ರಸ್ತೆ ಬಿಟ್ಟರೆ ಊರಿನಲ್ಲಿ ಎಳೆಯಲು ಬೇರೆ ಏನೂ ಇರಲಿಲ್ಲ.

ಇಬ್ಬರ ಮಾವನವರು ನಿವೃತ್ತ ಪೋಸ್ಟ್ ಮಾಸ್ಟರು. ಯಾವ ಮಾತನ್ನೂ ತೂಕ ಮಾಡಿ ಮುದ್ರೆ ಒತ್ತಿಯೇ ಹೊರಗೆ ಬಿಡುವವರು. ಪ್ರಕಟಣೆ ಓದಿ ಕನ್ನಡಕ ತೆಗೆದು ಅವರು ಹೇಳಿದ್ದಿಷ್ಟು: "ಇನ್ನು ಎರಡು ಶೆಡ್ ಯಾಕೆ? ದೊಡ್ಡ ಅಳಿಯಂದಿರು ತಮ್ಮದನ್ನ ಮುಚ್ಚಿ, ಚಿಕ್ಕ ಅಳಿಯಂದಿರ ಗಾಡಿಗೆ ಡ್ರೈವರ್ ಆಗಿ ಹೋಗ್ಲಿ. ವಯಸ್ಸೂ ಆಯ್ತು."

ಷಡ್ಡಕ ಕಣ್ಣಲ್ಲಿ ನೀರು ತಂದುಕೊಂಡು, ಅಣ್ಣ ಬಂದರೆ ನನಗೆ ಆನೆ ಬಲ ಬಂದ ಹಾಗೆ ಎಂದ. ಅವನು ನಿಜವಾಗಿಯೂ ಒಳ್ಳೆಯವನು, ಅದೇ ಅವನ ದೊಡ್ಡ ದುರ್ಗುಣ. ನಲವತ್ತೆಂಟನೆಯ ವಯಸ್ಸಿನಲ್ಲಿ ಪೈಪು ಮಾರುತ್ತಿದ್ದವನ ಕೈಕೆಳಗೆ ಸ್ಟೀರಿಂಗ್ ಹಿಡಿಯುವುದೇ ಎಂದು ಕೊಕ್ಕೆಯಣ್ಣ ಅಂದು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿ ಬದಲಿಸಿ ಹೆಂಡತಿಯ ನಿದ್ದೆಯನ್ನೂ ಕೆಡಿಸಿದ. ಆ ಪರೀಕ್ಷೆಯನ್ನು ಗೆಲ್ಲಲೇಬೇಕಿತ್ತು.

ಗೆಲ್ಲಲು ಮೊದಲು ಲಾರಿ ನಡೆಯಬೇಕಲ್ಲ. ಅದೇ ವಾರ ಅವನ ಲಾರಿಯ ಗೇರ್‌ಬಾಕ್ಸೂ ಹಿಂದಿನ ಆಕ್ಸೆಲ್ಲೂ ಮಾತಾಡಿಕೊಂಡವರಂತೆ ಒಟ್ಟಿಗೆ ಕೈಕೊಟ್ಟವು. ಮೇಸ್ತ್ರಿ ಅಡಿಯ ಬೋಲ್ಟು ಬಿಚ್ಚಿ ಎಣ್ಣೆಯನ್ನು ಬೋಗುಣಿಗೆ ಇಳಿಸಿ, ಅದರಲ್ಲಿ ಬೆರಳಾಡಿಸಿ, ಉಗುರಿಗೆ ಮೆತ್ತಿದ ಕಬ್ಬಿಣದ ಚೂರುಗಳನ್ನು ತೋರಿಸಿ, ಎರಡೂ ಹೋಗಿವೆ ಎಂದು ತಿಳಿಸಿದ. ಮೇಸ್ತ್ರಿಗೆ ಅರವತ್ತು ದಾಟಿತ್ತು. ಊರಿನ ಅರ್ಧ ಲಾರಿಗಳ ಹೊಟ್ಟೆಯೊಳಗಿನ ವಿಷಯ ಅವನಿಗೆ ಗೊತ್ತು, ಉಳಿದ ಅರ್ಧ ಲಾರಿಗಳ ಮಾಲೀಕರ ಹೊಟ್ಟೆಯೊಳಗಿನ ವಿಷಯವೂ ಗೊತ್ತು. ಅವನು ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ಮಗ್ಗಿ ಹೇಳಿಕೊಡುವ ಮೇಷ್ಟರಂತೆ ವಿವರಿಸಿದ.

"ನೋಡಪ್ಪ, ಚಕ್ರ ಒಂದು ಸುತ್ತು ಬರೋಕೆ ಗೇರ್‌ಬಾಕ್ಸಿಂದ ಹಿಂದಕ್ಕೆ ಬರೋ ಈ ಉದ್ದನೆ ಶಾಫ್ಟು ಎಷ್ಟು ಸುತ್ತು ತಿರುಗ್ಬೇಕು ಅನ್ನೋದೇ ಆಕ್ಸೆಲ್ ಲೆಕ್ಕ. ಆರೋ ಏಳೋ ಸುತ್ತಾದ್ರೆ ಗಾಡಿ ಮೆಲ್ಲಗೆ ಹೋಗುತ್ತೆ, ಆದ್ರೆ ಹಿಂದೆ ಏನ್ ಕಟ್ಟಿದ್ರೂ ಎಳೆಯುತ್ತೆ. ಮೂರೋ ನಾಲ್ಕೋ ಆದ್ರೆ ಗಾಡಿ ಓಡುತ್ತೆ, ಎಳೆಯೋಕೆ ಮಾತ್ರ ಹೇಳ್ಬೇಡ. ನಿಂಗೆ ಆರೂವರೆ ಹಾಕ್ತೀನಿ. ಜೊತೆಗೆ, ಮೊದಲನೇ ಗೇರು ಆಮೆ ಥರ ಹೋಗೋ ಗೇರ್‌ಬಾಕ್ಸ್ ಹಾಕ್ತೀನಿ. ಕಣ್ಮುಚ್ಕೊಂಡು ಗುಡ್ಡ ಹತ್ತು."

ಇಷ್ಟನ್ನೂ ಕೇಳಿಸಿಕೊಂಡು ಕೊಕ್ಕೆಯಣ್ಣ ಒಂದೇ ಪ್ರಶ್ನೆ ಕೇಳಿದ. "ನಮ್ಮ ಷಡ್ಡಕಂದು ಎಷ್ಟು?"

ಅದನ್ನು ತಾನು ಬಿಚ್ಚಿ ನೋಡಿಲ್ಲ, ಆರರ ಮೇಲೇ ಇರುತ್ತದೆ, ಅದನ್ನು ಕಟ್ಟಿಕೊಂಡು ನಿನಗೇನು ಎಂದ ಮೇಸ್ತ್ರಿ. ಕೊಕ್ಕೆಯಣ್ಣನಿಗೆ ಅದೇ ಮುಖ್ಯವಾಗಿತ್ತು. ಅಂದಾಜಿನ ಮೇಲೆ ಮನೆ ಕಟ್ಟಬಹುದು, ಮದುವೆ ಮಾಡಬಹುದು, ಷಡ್ಡಕನನ್ನು ಸೋಲಿಸಲಾಗದು. ಎರಡು ದಿನ ಟೈಮ್ ಕೊಡಿ ಎಂದು ಎದ್ದು ಬಂದ. ಷಡ್ಡಕನನ್ನೇ ಕೇಳಿದ್ದರೆ ಸಂತೋಷವಾಗಿ ಹೇಳುತ್ತಿದ್ದನೆಂಬುದು ಅವನಿಗೂ ಗೊತ್ತಿತ್ತು. ಆದರೆ ಕೇಳುವುದೆಂದರೆ ಅವನ ಲಾರಿ ಚೆನ್ನಾಗಿದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡಂತೆ, ಅದು ಪ್ರಾಣ ಹೋದರೂ ಆಗದ ಮಾತು.

ಆ ಭಾನುವಾರ ಷಡ್ಡಕನ ಮನೆಯಲ್ಲಿ ಎಲ್ಲರಿಗೂ ಊಟ. ಕೊಕ್ಕೆಯಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ಒಂದು ತುಂಡು ಸೀಮೆಸುಣ್ಣ ಹಾಕಿಕೊಂಡು, ಬಟ್ಟೆಯ ಚೀಲದಲ್ಲಿ ಜಾಕ್ ಇಟ್ಟುಕೊಂಡು ಹೊರಟ. ಚೀಲದಲ್ಲೇನು ಎಂದು ಹೆಂಡತಿ ಕೇಳಿದ್ದಕ್ಕೆ ಹಣ್ಣು ಎಂದ. ಬಾಗಿಲಲ್ಲಿ ನಾದಿನಿ, ಭಾವ ಹಣ್ಣು ತಂದಿದ್ದಾರೆಂದು ಚೀಲಕ್ಕೆ ಕೈ ಚಾಚಿದಳು. ಅವನು ಕೊಡಲಿಲ್ಲ. ಊಟ ಮುಗಿಯುವವರೆಗೂ ಅದನ್ನು ಎರಡು ಕಾಲುಗಳ ನಡುವೆ ಅವುಚಿಕೊಂಡೇ ಕೂತಿದ್ದ. ಹಣ್ಣು ತಂದು ತೋರಿಸಿ ವಾಪಸ್ ಒಯ್ಯುವ ಅಳಿಯನನ್ನು ಅತ್ತೆಯವರು ಅದೇ ಮೊದಲು ನೋಡಿದ್ದು.

ಊಟದ ಮೇಲೆ ಮನೆಯೆಲ್ಲ ಅಡ್ಡಾಯಿತು. ಮಾವನವರ ಗೊರಕೆ ಒಂದು ಹದಕ್ಕೆ ಬಂದದ್ದನ್ನು ಖಚಿತಪಡಿಸಿಕೊಂಡು ಕೊಕ್ಕೆಯಣ್ಣ ಅಂಗಳಕ್ಕೆ ಇಳಿದ. ಷಡ್ಡಕನ ಲಾರಿ ಎಡಬದಿಯನ್ನು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಕಳ್ಳನಿಗೂ ತನ್ನ ಕೆಲಸದಲ್ಲಿ ಒಂದು ಕ್ರಮವಿರುತ್ತದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟ, ಗೇರನ್ನು ನ್ಯೂಟ್ರಲ್‌ಗೆ ತಂದ, ಹ್ಯಾಂಡ್‌ಬ್ರೇಕ್ ಬಿಟ್ಟ, ಬಲಬದಿಯ ಹಿಂದಿನ ಚಕ್ರವನ್ನು ಜಾಕ್ ಹಾಕಿ ನೆಲದಿಂದ ಎತ್ತಿದ. ಎಡಗಡೆಯ ಚಕ್ರ ನೆಲದ ಮೇಲೇ ಉಳಿಯಿತು. ಆ ಬದಿಗೆ ಹೋಗಲು ಜಾಗವಿರಲಿಲ್ಲ, ಇದ್ದದ್ದೂ ಒಂದೇ ಜಾಕ್. ಅದರಿಂದೇನೂ ತೊಂದರೆಯಿಲ್ಲವೆಂದು ಅವನಿಗನಿಸಿತು. ಲೆಕ್ಕ ಒಂದು ಚಕ್ರದ್ದು ತಾನೆ, ಎರಡನ್ನೂ ಎತ್ತಿ ಯಾರಿಗೆ ತೋರಿಸಬೇಕು?

ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬಿಳಿ ಅಂಗಿಯಲ್ಲೇ ಅಡಿಗೆ ತೂರಿ, ಅಂಗಾತ ಮಲಗಿ ಶಾಫ್ಟನ್ನು ಎರಡೂ ಕೈಯಿಂದ ತಿರುಗಿಸತೊಡಗಿದ. ಒಂದು, ಎರಡು, ಮೂರು. ಗೆರೆ ಇನ್ನೇನು ಬಂತು. ಮೇಲೊಂದು ಅರ್ಧಕ್ಕೆ ತುಸು ಕಡಿಮೆ, ಗೆರೆ ಸರಿಯಾಗಿ ತನ್ನ ಜಾಗಕ್ಕೆ ಬಂದು ನಿಂತಿತು. ಮೂರು ಸಲ ಎಣಿಸಿದ. ಮೂರು ಸಲವೂ ಅಷ್ಟೇ, ಸುಮಾರು ಮೂರೂವರೆ, ಅದಕ್ಕೂ ಕೂದಲೆಳೆ ಕಡಿಮೆ.

ಕೊಕ್ಕೆಯಣ್ಣ ಹಾಗೇ ಮಲಗಿ ಮೇಲಿನ ಕಬ್ಬಿಣವನ್ನು ನೋಡುತ್ತ ಯೋಚಿಸಿದ. ಇಟ್ಟಿಗೆ ಲಾರಿಯನ್ನು ಆಟಿಕೆಯಂತೆ ಎಳೆಯುವ ಷಡ್ಡಕನದು ಮೂರೂವರೆ. ಮೇಸ್ತ್ರಿ ತನಗೆ ಹಾಕಲು ಹೊರಟಿರುವುದು ಆರೂವರೆ. ಹಾಗಾದರೆ ಮೇಸ್ತ್ರಿ ಹೇಳಿದ್ದೆಲ್ಲ ಉಲ್ಟಾ. ಯಾಕೆ ಉಲ್ಟಾ ಹೇಳಿದ? ಷಡ್ಡಕ ಅವನನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ. ಎಲ್ಲವೂ ಒಂದಕ್ಕೊಂದು ಎಷ್ಟು ಸರಿಯಾಗಿ ಕೂತವೆಂದರೆ ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಗೌರವ ಬಂತು.

ಆ ಹೊತ್ತಿಗೆ ಲಾರಿಯ ಪಕ್ಕದಲ್ಲಿ ಎರಡು ಪಾದಗಳು ಕಂಡವು. ಅತ್ತೆಯವರದು. ಲಾರಿಯ ಅಡಿಯಿಂದ ಚಾಚಿಕೊಂಡ ಕಾಲುಗಳನ್ನು ಅವರು ಸಾಕ್ಸಿನ ತೂತಿನಿಂದ ಗುರುತು ಹಿಡಿದಿದ್ದರು. ಅಳಿಯಂದಿರೇ, ಅಲ್ಲೇನು ಮಾಡುತ್ತಿದ್ದೀರಿ ಎಂದು ಬಗ್ಗಿ ಕೇಳಿದರು. ಎಣ್ಣೆ ಸೋರುತ್ತಿದೆಯೋ ಏನೋ ಅಂತ ನೋಡ್ತಿದ್ದೆ ಎಂದ ಕೊಕ್ಕೆಯಣ್ಣ, ಕಂಬಳಿ ಹೊದ್ದವನ ದನಿಯಲ್ಲಿ. ಅತ್ತೆಯವರು ಮನೆಯವರನ್ನೆಲ್ಲ ಎಬ್ಬಿಸಿ ಕರೆತಂದು ಈ ದೃಶ್ಯವನ್ನು ತೋರಿಸಿದರು. ಒಳ್ಳೆಯ ಬಟ್ಟೆಯಲ್ಲಿ, ಊಟದ ಮೇಲಿನ ನಿದ್ದೆ ಬಿಟ್ಟು, ತಮ್ಮನ ಗಾಡಿಯ ಅಡಿ ಹೊರಳಾಡುವ ಅಣ್ಣ. ಷಡ್ಡಕ ಓಡಿ ಬಂದು, ಮಸಿಯಾದ ಆ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡ. ಮಾವನವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಒಳ್ಳೇದು. ಡ್ರೈವರ್ ಕೆಲ್ಸಕ್ಕೆ ಈಗಿಂದ್ಲೇ ಅಭ್ಯಾಸ ಆಗ್ಲಿ" ಎಂದು ಮುದ್ರೆ ಒತ್ತಿ ಒಳಗೆ ಹೋದರು.

ಈ ಮಾತಿನ ಉರಿ ಆರುವ ಮೊದಲೇ ಕೊಕ್ಕೆಯಣ್ಣ ಮೇಸ್ತ್ರಿಯ ಮುಂದೆ ನಿಂತಿದ್ದ. ತನಗೆ ಮೂರೂವರೆಗಿಂತ ಕಡಿಮೆಯ ಆಕ್ಸೆಲ್ ಬೇಕೆಂದ. ಮೇಸ್ತ್ರಿ ಮೊದಲು ನಕ್ಕ, ಆಮೇಲೆ ವಿವರಿಸಿದ, ಆಮೇಲೆ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಹಾಕಿ ಬೈದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅವನು ನಿಜ ಹೇಳಿದಷ್ಟೂ ಕೊಕ್ಕೆಯಣ್ಣನಿಗೆ ಒಳಸಂಚು ನಿಚ್ಚಳವಾಗಿ ಕಾಣುತ್ತ ಹೋಯಿತು. ಕೊನೆಗೆ ಬಾಯಿಬಿಟ್ಟೇ ಬಿಟ್ಟ. "ನನ್ನ ಕೈಯಾರೆ ಎಣಿಸಿದ್ದೀನಿ ಮೇಸ್ತ್ರಿ. ಅವಂದು ಮೂರೂವರೆ. ನೀವು ಯಾರ ಕಡೆ ಅಂತ ನಂಗೊತ್ತು."

ನಲವತ್ತು ವರ್ಷ ಗ್ರೀಸಿನಲ್ಲಿ ಕೈ ಇಟ್ಟುಕೊಂಡೂ ಕೈ ಶುದ್ಧವಾಗಿಟ್ಟುಕೊಂಡವನಿಗೆ ಈ ಮಾತು ಹೇಳಬಾರದಿತ್ತು. ಮೇಸ್ತ್ರಿ ಎದ್ದು ನಿಂತು, ನೀನು ಏನು ತಂದು ಕೊಡುತ್ತೀಯೋ ಅದನ್ನು ಕೂರಿಸುತ್ತೇನೆ, ಒಂದು ಮಾತೂ ಆಡುವುದಿಲ್ಲ ಎಂದ.

ಕೊಕ್ಕೆಯಣ್ಣ ನೇರ ಗುಜರಿಗೆ ಹೋದ. ಗುಜರಿಯವನ ಹತ್ತಿರ, ಎಲ್ಲೋ ಉರುಳಿಬಿದ್ದ ಎಕ್ಸ್‌ಪ್ರೆಸ್ ಬಸ್ಸಿನ ಆಕ್ಸೆಲ್ಲೂ ಗೇರ್‌ಬಾಕ್ಸೂ ನಾಲ್ಕು ವರ್ಷದಿಂದ ಕೂತಿದ್ದವು. ಆಕ್ಸೆಲ್ ಲೆಕ್ಕ ಮೂರೂಕಾಲು. ಬಸ್ಸು ಗಾಳಿಯಲ್ಲಿ ತೇಲಿದಂತೆ ಹೋಗುತ್ತಿತ್ತೆಂದು ಅವನು ವರ್ಣಿಸಿದ. ತೇಲುತ್ತ ಹೋಗಿಯೇ ಉರುಳಿತೆಂಬುದನ್ನು ಹೇಳಲಿಲ್ಲ. ಷಡ್ಡಕನದು ಮೂರೂವರೆಗೆ ಸ್ವಲ್ಪ ಕಡಿಮೆ, ತನ್ನದು ಅದಕ್ಕಿಂತಲೂ ಕಡಿಮೆ. ಕೊಕ್ಕೆಯಣ್ಣನ ಎದೆ ಉಬ್ಬಿತು. ಶೆಡ್ಡಿನ ಎದುರಿನ ಟೈಲರು ಕೂಡ ತನ್ನ ಕಸುಬಿನ ಅನುಭವದಿಂದ ಈ ಆಯ್ಕೆಯನ್ನು ಅನುಮೋದಿಸಿದ. ಅಳತೆ ಎಷ್ಟು ಕಮ್ಮಿಯೋ ಬಿಗಿ ಅಷ್ಟು ಜಾಸ್ತಿ ಎಂಬುದು ಅವನ ವಾದ.

ಮೇಸ್ತ್ರಿ ಮಾತಿಗೆ ತಪ್ಪದೆ ಕೂರಿಸಿದ. ಆದರೆ ಗೇರ್‌ಬಾಕ್ಸ್ ಎತ್ತುವ ಹೊತ್ತಿಗೆ ಪಾಪ ಅವನಿಗೆ ತಡೆಯಲಾಗಲಿಲ್ಲ. ಆಕ್ಸೆಲ್ ಹಾಳಾಗಿ ಹೋಗಲಿ, ಗೇರ್‌ಬಾಕ್ಸಾದರೂ ಭಾರದ್ದು ಹಾಕಿಕೋ, ಇದು ಓಡುತ್ತದೆ, ಅದು ಹಿಡಿಯುತ್ತದೆ ಎಂದು ಗೋಗರೆದ. ಕೊಕ್ಕೆಯಣ್ಣ ಬಸ್ಸಿನ ಗೇರ್‌ಬಾಕ್ಸಿನ ಕಡೆಗೆ ಬೆರಳು ತೋರಿಸಿದ. ಹಿಂದೆ ಏನಾದರೂ ಕಟ್ಟಿಕೊಂಡು ಗುಡ್ಡಕ್ಕೆ ಒಂದು ಸಲ ಹೋಗಿ ಬಾ ಎಂದಾಗಲೂ ಒಲ್ಲೆನೆಂದು ತಲೆಯಾಡಿಸಿದ. ಷಡ್ಡಕ ನೋಡಿಬಿಟ್ಟರೆ ಅವನೂ ಮೂರೂಕಾಲು ಹಾಕಿಸಿಕೊಳ್ಳುವುದಿಲ್ಲವೆ?

ಬರಿಯ ಲಾರಿ ಓಡಿದ ಓಟ ಮಾತ್ರ ನೋಡುವಂತಿತ್ತು. ಶೆಡ್ಡಿನ ಅಂಗಳದ ಏರಿನಲ್ಲಿ ಹೊರಡುವಾಗ ಒಂದೆರಡು ಸಲ ಜೋರಾಗಿ ನಡುಗಿ ನಿಂತದ್ದು ನಿಜ. ಹೊಸದರ ಬಿಗುಮಾನ ಎಂದು ಅವನು ಕ್ಷಮಿಸಿದ. ಹೆದ್ದಾರಿಗೆ ಬಿದ್ದದ್ದೇ ತಡ ಕಾರುಗಳು ಹಿಂದೆ ಉಳಿದವು, ಕೊಕ್ಕೆ ಗಾಳಿಯಲ್ಲಿ ಅಡ್ಡಡ್ಡ ತೂಗತೊಡಗಿತು. ಟ್ರಾಫಿಕ್ ಪೊಲೀಸರು ಅಡ್ಡಗಟ್ಟಿ, ಎಳೆಯೋ ಗಾಡಿ ನೀನು, ನಿನ್ನನ್ನು ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಕೇಳಿ ದಂಡದ ಚೀಟಿ ಹರಿದುಕೊಟ್ಟರು. ಕೊಕ್ಕೆಯಣ್ಣ ಅದನ್ನು ಪ್ರಶಸ್ತಿಪತ್ರದಂತೆ ಶೆಡ್ಡಿನ ಗೋಡೆಗೆ ಅಂಟಿಸಿದ. ಆ ವಾರ ಅವನ ಗ್ಯಾಸ್ ಎಷ್ಟೋ ಕಡಿಮೆಯಾಯಿತು.

ಪರೀಕ್ಷೆಯ ದಿನ ಗುಡ್ಡದ ಬುಡದಲ್ಲಿ ಅರ್ಧ ಊರು ಸೇರಿತ್ತು. ಮಾವನವರಿಗೆ ಕುರ್ಚಿ, ಅತ್ತೆಯವರಿಗೆ ಚಾಪೆ. ಅಕ್ಕ ತಂಗಿಯರಿಬ್ಬರೂ ಮುಖ ಮುಖ ನೋಡಿಕೊಳ್ಳದೆ ಒಂದೇ ಕೊಡೆಯ ಕೆಳಗೆ ನಿಂತಿದ್ದರು. ಮೇಸ್ತ್ರಿಯೂ ಬಂದು ದೂರದಲ್ಲೊಂದು ಕಲ್ಲಿನ ಮೇಲೆ, ಆಪರೇಷನ್ ಥಿಯೇಟರಿನ ಹೊರಗೆ ಕೂತವನಂತೆ ಕೂತಿದ್ದ. ರಸ್ತೆ ಕಚೇರಿಯ ಸಾಹೇಬರು ಷರತ್ತುಗಳನ್ನು ಬೆಳಿಗ್ಗೆ ಕಚೇರಿಯ ಬಾಗಿಲಲ್ಲೇ ಓದಿ ಹೇಳಿ ಬಂದಿದ್ದರು. ಷರತ್ತು ಎರಡು. ಒಂದು, ಕರೆ ಬಂದ ಇಪ್ಪತ್ತು ನಿಮಿಷದೊಳಗೆ ಲಾರಿಯು ಕಚೇರಿಯಿಂದ ಹದಿನೈದು ಕಿಲೋಮೀಟರ್ ದೂರದ ಈ ಬುಡಕ್ಕೆ ಬಂದಿರಬೇಕು. ಎರಡು, ಜಲ್ಲಿ ತುಂಬಿದ ಲಾರಿಯನ್ನು ತುದಿಗೆ ಹತ್ತಿಸಬೇಕು. ಎಲ್ಲರ ಕಣ್ಣೂ ಎರಡನೆಯದರ ಮೇಲಿತ್ತು, ಮೊದಲನೆಯದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ಕಚೇರಿಯಲ್ಲಿ ಗುಮಾಸ್ತ ಬಾವುಟ ಬೀಸಿದ ಹನ್ನೊಂದನೆಯ ನಿಮಿಷಕ್ಕೆ ಕೊಕ್ಕೆಯಣ್ಣ ಬುಡದಲ್ಲಿದ್ದ. ಸಾಹೇಬರು ಇನ್ನೂ ಮಡಚುವ ಕುರ್ಚಿಯೊಂದಿಗೆ ಸೆಣಸುತ್ತಿದ್ದರು. ಜನ ಚಪ್ಪಾಳೆ ತಟ್ಟಿತು. ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ದೊಡ್ಡ ಅಳಿಯನನ್ನು ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವನನ್ನು ಹಾಗೆ ನೋಡಿದ್ದಿಲ್ಲ. ಹೆಂಡತಿ ಕೊಡೆಯನ್ನು ತಂಗಿಯ ಕಡೆಯಿಂದ ತನ್ನ ಕಡೆಗೆ ಒಂದಿಷ್ಟು ಎಳೆದುಕೊಂಡಳು. ಷಡ್ಡಕ ಬರುವ ಹೊತ್ತಿಗೆ ಸಾಹೇಬರ ಟೀ ಮುಗಿದು ಲೋಟ ಒಣಗಿತ್ತು. ಇಪ್ಪತ್ತೇಳು ನಿಮಿಷ.

ಆಮೇಲೆ ಎಳೆಯುವ ಸರದಿ. ಷಡ್ಡಕ ಮೊದಲು ಹೋದ. ಜಲ್ಲಿ ಲಾರಿಯನ್ನು ಕಟ್ಟಿಕೊಂಡು, ಕುಲುಕದೆ, ಅಲುಗದೆ, ಬಾಳೆಹಣ್ಣು ಸುಲಿದು ತಿನ್ನುವವನ ನಿಧಾನದಲ್ಲಿ ತುದಿ ಮುಟ್ಟಿಸಿ, ಮತ್ತೆ ಕೆಳಗೆ ತಂದು ನಿಲ್ಲಿಸಿದ. ಕೊಕ್ಕೆಯಣ್ಣ ನಗುತ್ತಲೇ ನೋಡಿದ. ಮೂರೂವರೆಯೇ ಇಷ್ಟು ಎಳೆದರೆ ಮೂರೂಕಾಲು ಎಷ್ಟು ಎಳೆದೀತು?

ಅವನು ಮೊದಲನೆಯ ಗೇರು ಹಾಕಿ ಕ್ಲಚ್ ಬಿಟ್ಟ. ಎಂಜಿನ್ ಒಮ್ಮೆ ಬಿಕ್ಕಿ ಆರಿಹೋಯಿತು. ಮತ್ತೆ ಶುರು ಮಾಡಿ ಬಿಟ್ಟ, ಮತ್ತೆ ಆರಿತು. ಮೂರನೆಯ ಸಲ ಎಂಜಿನ್ನನ್ನು ಕಿರುಚಿಸಿ ಕ್ಲಚ್ಚನ್ನು ಇಷ್ಟಿಷ್ಟೇ ಬಿಟ್ಟ. ಸದ್ದಿಗೆ ಮರದ ಹಕ್ಕಿಗಳು ಎದ್ದವು, ಸುಟ್ಟ ವಾಸನೆಗೆ ಮುಂದಿನ ಸಾಲಿನ ಜನ ಎದ್ದರು, ಲಾರಿ ಮಾತ್ರ ಏಳಲಿಲ್ಲ. ಹಿಂದೆ ಜಲ್ಲಿ ಲಾರಿಯ ಸ್ಟೀರಿಂಗ್ ಹಿಡಿದು ಕೂತಿದ್ದ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಹೊರಟ್ವಾ ಅಣ್ಣ ಎಂದು ಪ್ರಾಮಾಣಿಕವಾಗಿ ವಿಚಾರಿಸಿದ. ಹೊರಟರು, ಆದರೆ ಹಿಂದಕ್ಕೆ. ಜಲ್ಲಿ ಲಾರಿ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರುತ್ತ, ಕೊಕ್ಕೆಯಣ್ಣನ ಲಾರಿಯನ್ನು ಎಳೆದುಕೊಂಡು ಸಾಹೇಬರ ಮೇಜಿನವರೆಗೂ ಬಂತು. ಎಳೆಯಬೇಕಾದವನು ಎಳೆಸಿಕೊಂಡ ದೃಶ್ಯವನ್ನು ಗುಡ್ಡದ ರಸ್ತೆ ಅದೇ ಮೊದಲು ಕಂಡದ್ದು.

ಹೊಗೆಯ ನಡುವಿನಿಂದ ಇಳಿದ ಕೊಕ್ಕೆಯಣ್ಣನ ಹತ್ತಿರ ಮೇಸ್ತ್ರಿ ಎದ್ದು ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ಅವತ್ತು ಸಿಟ್ಟಿನಲ್ಲಿ ಕೇಳೋಕೆ ಮರೆತೆ. ಎಣಿಸಿದೆ ಅಂದ್ಯಲ್ಲ, ಎಷ್ಟು ಚಕ್ರ ಎತ್ತಿದ್ದೆ?"

"ಒಂದು."

ಮೇಸ್ತ್ರಿ ಹಣೆಗೆ ಕೈ ಹಚ್ಚಿಕೊಂಡ. "ಎರಡೂ ಎತ್ತಬೇಕು ಕಣಪ್ಪ. ಒಂದು ಚಕ್ರ ನೆಲಕ್ಕೆ ಅಂಟಿಕೊಂಡು ನಿಂತ್ರೆ ಅದರ ಪಾಲಿನ ಸುತ್ತನ್ನೂ ಇನ್ನೊಂದೇ ತಿರುಗುತ್ತೆ. ಗಾಳೀಲಿರೋದು ಡಬಲ್ ಓಡುತ್ತೆ. ನಿನ್ನ ಎಣಿಕೆ ಅರ್ಧ ಲೆಕ್ಕ. ಅವಂದು ಮೂರೂವರೆ ಅಲ್ಲ, ಏಳರ ಹತ್ತಿರ."

"ಆರು ಪಾಯಿಂಟ್ ಎಂಟು," ಎಂದ ಷಡ್ಡಕ. ಅವನು ಯಾವಾಗಲೋ ಪಕ್ಕದಲ್ಲಿ ಬಂದು ನಿಂತಿದ್ದ. "ಡ್ರೈವರ್ ಬಾಗಿಲ ಒಳಗಿನ ತಗಡಿನ ಮೇಲೆ ದಪ್ಪಕ್ಷರದಲ್ಲಿ ಬರ್ದಿದೆಯಲ್ಲ ಅಣ್ಣ. ಅವತ್ತು ಎಣ್ಣೆ ಸೋರ್ತಿದೆ ಅಂತ ನೋಡಿದ್ದು ಇದನ್ನಾ?"

ಗೇಲಿ ಮಾಡಿದ್ದರೆ ಕೊಕ್ಕೆಯಣ್ಣ ತಡೆದುಕೊಳ್ಳುತ್ತಿದ್ದ. ಷಡ್ಡಕನ ದನಿಯಲ್ಲಿದ್ದದ್ದು ಕನಿಕರ. ಆ ಸಾಕ್ಸು, ಆ ಅಂಗಿ, ಆ ಹಣ್ಣಿನ ಚೀಲ ಎಲ್ಲವೂ ಈಗ ಅತ್ತೆಯವರಿಗೆ ಅರ್ಥವಾಗುತ್ತಿರುವುದು ಅವರ ಮುಖದಲ್ಲಿ ಕಾಣುತ್ತಿತ್ತು. ಹೆಂಡತಿ ಕೊಡೆಯನ್ನು ಸದ್ದಿಲ್ಲದೆ ತಂಗಿಯ ಕಡೆಗೆ ಬಿಟ್ಟುಕೊಟ್ಟಳು. ಒಂದು ಬದಿಗೆ ನಿಂತು ಕೊಕ್ಕೆಯಣ್ಣ ತನ್ನ ಶೆಡ್ಡಿಗೆ ಮನಸ್ಸಿನಲ್ಲೇ ಬೀಗ ಹಾಕತೊಡಗಿದ.

ಆದರೆ ಸಾಹೇಬರು ಬೇರೆಯೇ ಸಂಕಟದಲ್ಲಿದ್ದರು. ಎಳೆಯುವವನು ಏಳು ನಿಮಿಷ ತಡ, ತಡವಾಗದವನು ಎಳೆಯುವುದಿಲ್ಲ. ಷರತ್ತಿನ ಪ್ರಕಾರ ಇಬ್ಬರೂ ಫೇಲು. ಮತ್ತೆ ಪ್ರಕಟಣೆ ಕೊಡಬೇಕಾದರೆ ಆರು ಪತ್ರ, ಮೂರು ಸಹಿ, ಮತ್ತೊಮ್ಮೆ ಈ ಮಡಚುವ ಕುರ್ಚಿ. ಅವರು ಬಹಳ ಹೊತ್ತು ಫಾರಂ ತಿರುವಿ ಹಾಕಿ, ನೀವಿಬ್ಬರೂ ಸಂಬಂಧಿಕರಂತೆ ಹೌದೇ ಎಂದು ಕೇಳಿದರು. ಹೌದು ಎಂದ ಷಡ್ಡಕ, ಹೆಮ್ಮೆಯಿಂದ. ಕೊಕ್ಕೆಯಣ್ಣ ಕೆಮ್ಮಿದ. ಅರ್ಜಿದಾರರು ಒಬ್ಬರೇ ಇರಬೇಕೆಂದು ಎಲ್ಲಿಯೂ ಬರೆದಿಲ್ಲ, ಹಾಗಾಗಿ ಒಬ್ಬರು ಮುಂಚೆ ಹೋಗುವುದಕ್ಕೆ, ಒಬ್ಬರು ಹಿಂದಿನಿಂದ ಬಂದು ಎಳೆಯುವುದಕ್ಕೆ, ಎರಡೂ ಲಾರಿ ಒಂದೇ ಅನುಮತಿ ಎಂದು ಸಾಹೇಬರು ತೀರ್ಪಿತ್ತರು. ನಾನು ಹೇಳಿದ್ದೂ ಇದನ್ನೇ ಎಂದರು ಮಾವನವರು. ಮೊದಲು ತಲುಪುವವರು ಮೊದಲು ಸಹಿ ಮಾಡಬೇಕೆಂದು ಸಾಹೇಬರು ಸೂಚಿಸಿದ್ದು ಕೊಕ್ಕೆಯಣ್ಣನಿಗೆ ಆ ದಿನ ದಕ್ಕಿದ ಏಕೈಕ ಸಮಾಧಾನ. ಶೆಡ್ ಉಳಿಯಿತು, ಲಾರಿ ಉಳಿಯಿತು, ಮಾನದಲ್ಲಿ ಮಾತ್ರ ಅರ್ಧ ಲೆಕ್ಕ.

ಕೆಲಸ ಶುರುವಾದ ಮೇಲೆ ಗೊತ್ತಾಯಿತು, ಮುಂಚೆ ಹೋಗುವುದೆಂದರೆ ಬೈಸಿಕೊಳ್ಳಲು ಹೋಗುವುದು. ಕೆಟ್ಟ ಲಾರಿಯ ಡ್ರೈವರು ಅವನನ್ನು ಕಂಡು ದೇವರು ಬಂದನೆಂದು ಕೈಮುಗಿಯುತ್ತಿದ್ದ. ಎಳೆಯುವವನು ಹಿಂದೆ ಬರುತ್ತಿದ್ದಾನೆಂದು ತಿಳಿದ ಕೂಡಲೇ ಮುಗಿದ ಕೈ ಬಿಚ್ಚಿ, ಹಾಗಾದರೆ ನೀನು ಯಾಕೆ ಬಂದೆ ಎಂದು ಶುರು ಮಾಡುತ್ತಿದ್ದ. ಕೊಕ್ಕೆಯಣ್ಣ ರಸ್ತೆಗೆ ಅಡ್ಡ ಕಲ್ಲಿಟ್ಟು, ಚಕ್ರಕ್ಕೆ ಆನಿಕೆ ಕೊಟ್ಟು, ಹಿಂದಿನ ವಾಹನಗಳನ್ನು ಬದಿಗೆ ಬಿಡುತ್ತ ಆ ಬೈಗುಳವನ್ನೆಲ್ಲ ಕೇಳಿಸಿಕೊಳ್ಳಬೇಕು. ಕಾಲು ಗಂಟೆಯ ಮೇಲೆ ಷಡ್ಡಕ ತಿರುವಿನಲ್ಲಿ ಕಾಣಿಸಿಕೊಂಡರೆ ಚಪ್ಪಾಳೆ, ಶಿಳ್ಳೆ. ಹೊಟ್ಟೆ ಮೊದಲಿನಂತೆಯೇ ಉರಿಯುತ್ತಿತ್ತು. ಈಗ ಅದು ದಿನಕ್ಕೆರಡು ಸಲ, ಸಮಯಕ್ಕೆ ಸರಿಯಾಗಿ.

ಹೀಗೆ ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಹೆಂಚು ತುಂಬಿದ ಲಾರಿಯೊಂದು ಗುಡ್ಡದ ನಡುವೆ ನಿಂತುಬಿಟ್ಟಿತು. ಎಂದಿನಂತೆ ಕೊಕ್ಕೆಯಣ್ಣ ಮೊದಲು ಬಂದು ಎಂದಿನಂತೆ ಬೈಸಿಕೊಂಡ. ಎಂದಿನಂತೆ ಷಡ್ಡಕ ಬಂದ. ಆದರೆ ಇಳಿದವನು ಎಳೆಯುವ ಕೆಲಸಕ್ಕೆ ಹೋಗಲಿಲ್ಲ. ಎಂಜಿನ್ ಆರಿಸಿ, ಬೆವರು ಒರೆಸಿಕೊಂಡು, ಕೊಕ್ಕೆಯಣ್ಣನ ಲಾರಿಯ ಸುತ್ತ ಒಂದು ಸುತ್ತು ಬಂದು, ಅದರ ಹಿಂದಿನ ಚಕ್ರವನ್ನು ನೋಡುತ್ತ ನಿಂತ.

"ಅಣ್ಣ, ತಪ್ಪು ತಿಳ್ಕೋಬೇಡಿ. ದಿನಾ ನೀವು ನನ್ನ ಪಕ್ಕದಿಂದ ಹಾದು ಹೋಗ್ತೀರಿ. ಧೂಳು ಮಾತ್ರ ಕಾಣುತ್ತೆ. ಆಮೇಲೆ ಸೈಕಲ್‌ನವರೂ ನನ್ನ ದಾಟ್ಕೊಂಡು ಹೋಗ್ತಾರೆ. ನನ್ನ ಮಗಳು ಮೊನ್ನೆ, ದೊಡ್ಡಪ್ಪನ ಗಾಡೀಲೇ ಕೂರ್ತೀನಿ, ನಿನ್ನದ್ರಲ್ಲಿ ನಿದ್ದೆ ಬರುತ್ತೆ ಅಂದ್ಲು." ಅವನು ನೆಲ ನೋಡಿದ. "ಹೇಳಬಾರ್ದು, ಆದ್ರೂ ಹೇಳ್ತೀನಿ. ನಿಮ್ಮನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ಅಣ್ಣ."

ಮೂರು ವರ್ಷ ಮೂರು ತಿಂಗಳಿಂದ ಎದೆಯಲ್ಲಿ ಅಡ್ಡ ನಿಂತಿದ್ದ ಏನೋ ಒಂದು ತಾನಾಗಿ ಕೆಳಗೆ ಇಳಿಯುತ್ತಿರುವುದು ಕೊಕ್ಕೆಯಣ್ಣನಿಗೆ ಸ್ಪಷ್ಟವಾಗಿ ತಿಳಿಯಿತು. ಅವನು ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುಂದಕ್ಕೆ ಬಾಗಿದ.

"ಏನಂದೆ? ಎಂಜಿನ್ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ."

ಗುಡ್ಡದ ಮೇಲೆ ಮೂರು ಲಾರಿಗಳಿದ್ದವು, ಮೂರರ ಎಂಜಿನ್ನೂ ಆರಿತ್ತು. ಷಡ್ಡಕ ಅದನ್ನು ಹೇಳಲಿಲ್ಲ. ಹೇಳಿದೆನಲ್ಲ, ಒಳ್ಳೆಯವನು. ದನಿ ಏರಿಸಿ, ಮೊದಲಿನಿಂದ, ಸೈಕಲ್ಲಿನವರನ್ನೂ ಮಗಳನ್ನೂ ಬಿಡದೆ ಇನ್ನೊಮ್ಮೆ ಹೇಳಿದ. ಕೊಕ್ಕೆಯಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡು, ಭಾನುವಾರ ಮಾವನವರು ಬರುತ್ತಾರೆ, ಅವರ ಮುಂದೆ ಹೇಳಲು ನಿನಗೇನಾದರೂ ಅಭ್ಯಂತರವಿದೆಯೇ ಎಂದು ಮೆಲ್ಲಗೆ ವಿಚಾರಿಸಿದ.

ಹೆಂಚಿನ ಲಾರಿಯ ಡ್ರೈವರ್ ಅಷ್ಟು ಹೊತ್ತೂ ಬಾನೆಟ್ಟಿಗೆ ಒರಗಿ ಕಾಯುತ್ತಿದ್ದ. "ಅವರಿಗೆ ನಿಮ್ಮ ಮೇಲೆ ಹೊಟ್ಟೆ ಉರಿಯಂತೆ," ಎಂದು ಕೂಗಿದ. "ನಂಗೇ ಎರಡು ಸಲ ಕೇಳಿಸ್ತು. ಬೇಕಾದ್ರೆ ಭಾನುವಾರ ನಾನೂ ಬಂದು ಸಾಕ್ಷಿ ಹೇಳ್ತೀನಿ. ಈಗ ನನ್ನ ಗಾಡಿ ಎಳೀರಪ್ಪ."